ಪುರುಷರ ಹಾಗೂ ಮಹಿಳೆಯರ ಫುಟ್‌ಬಾಲ್ ತರಬೇತಿ: ಯಾವುದು ಸಮಾನ, ಯಾವುದು ಭಿನ್ನ

ಫುಟ್‌ಬಾಲ್ ನಿಯಮಾವಳಿಯಲ್ಲಿ ಪುರುಷರಿಗೊಂದು, ಮಹಿಳೆಯರಿಗೊಂದು ಎಂಬ ಪ್ರತ್ಯೇಕ ಅಧ್ಯಾಯಗಳಿಲ್ಲ. ಇಬ್ಬರಿಗೂ 11 ಮಂದಿಯ ತಂಡ, 90 ನಿಮಿಷಗಳ ಆಟ, ಅದೇ ಚೆಂಡು, ಅದೇ ಗೋಲು. ಆದರೂ ಎರಡೂ ತಂಡಗಳನ್ನು ಸಜ್ಜುಗೊಳಿಸಿದ ಅನುಭವವುಳ್ಳ ತರಬೇತುದಾರರು ಈ ಎರಡು ಕೆಲಸಗಳು ಒಂದೇ ಅಲ್ಲವೆಂಬುದನ್ನು ಬಲ್ಲರು. ಅಂತರವಿರುವುದು ಎಲ್ಲಿ, ಇಲ್ಲದಿರುವುದು ಎಲ್ಲಿ ಎಂಬುದನ್ನು ತಿಳಿಯದೆ ಕಲಿಸಹೊರಟರೆ ನಷ್ಟ ಅನುಭವಿಸುವವರು ಆಟಗಾರ್ತಿಯರೇ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯಂತಹ ಪಟ್ಟಣಗಳಲ್ಲಿ ಈ ತಿಳಿವಳಿಕೆಗೆ ಹೆಚ್ಚಿನ ಬೆಲೆಯಿದೆ. ಬೆಂಗಳೂರಿನ ಅಕಾಡೆಮಿಗಳಲ್ಲಿ ಬಾಲಕಿಯರಿಗೆಂದೇ ತರಬೇತುದಾರರು, ಫಿಸಿಯೋ, ಆಹಾರ ತಜ್ಞರು ದೊರೆಯಬಹುದು. ಈ ಪಟ್ಟಣಗಳ ಶಾಲೆಗಳಲ್ಲಿ ಬಾಲಕರಿಗೂ ಬಾಲಕಿಯರಿಗೂ ಆಟ ಕಲಿಸುವ ಹೊಣೆ ಸಾಮಾನ್ಯವಾಗಿ ಒಬ್ಬರೇ ದೈಹಿಕ ಶಿಕ್ಷಣ ಶಿಕ್ಷಕರ ಮೇಲಿರುತ್ತದೆ. ಬಾಲಕರಿಗೆ ಸಿದ್ಧಪಡಿಸಿದ ಪಾಠವನ್ನೇ ತುಸು ಹಗುರಗೊಳಿಸಿ ಬಾಲಕಿಯರಿಗೂ ಹೇಳಿಕೊಡುವುದು ರೂಢಿ. ಈ ರೂಢಿಯೇ ಎಲ್ಲಕ್ಕಿಂತ ದೊಡ್ಡ ತಪ್ಪು ಎಂಬುದನ್ನು ಕಳೆದ ಎರಡು ದಶಕಗಳ ಕ್ರೀಡಾ ವಿಜ್ಞಾನ ತೋರಿಸಿಕೊಟ್ಟಿದೆ.

ನಿಯಮದಲ್ಲಿ ಭೇದವಿಲ್ಲ

ಅಂತಾರಾಷ್ಟ್ರೀಯ ಪಂದ್ಯದ ಮೈದಾನ 100ರಿಂದ 110 ಮೀಟರ್ ಉದ್ದ, 64ರಿಂದ 75 ಮೀಟರ್ ಅಗಲ ಇರಬೇಕು. ಗೋಲಿನ ಕಂಬಗಳ ನಡುವಿನ ಅಂತರ 7.32 ಮೀಟರ್, ಎತ್ತರ 2.44 ಮೀಟರ್. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಈ ಯಾವ ಅಳತೆಯೂ ಮಹಿಳೆಯರಿಗಾಗಿ ಬದಲಾಗುವುದಿಲ್ಲ. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಮಾತ್ರ ಪಂದ್ಯದ ಅವಧಿಯನ್ನು 80 ನಿಮಿಷಕ್ಕೆ ಇಳಿಸಲಾಗಿತ್ತು. 1995ರ ಎರಡನೇ ವಿಶ್ವಕಪ್‌ನಲ್ಲಿ ಅದು 90 ನಿಮಿಷಕ್ಕೆ ಮರಳಿತು.

ಆಟದ ಬೇಡಿಕೆಯೂ ಬಹುಪಾಲು ಸಮಾನವೇ ಆಗಿದೆ. ಉನ್ನತ ಮಟ್ಟದ ಪಂದ್ಯವೊಂದರಲ್ಲಿ ಪುರುಷರಾಗಲಿ ಮಹಿಳೆಯರಾಗಲಿ ಸುಮಾರು 10 ಕಿಲೋಮೀಟರ್ ಓಡುತ್ತಾರೆ. ವ್ಯತ್ಯಾಸ ಕಾಣುವುದು ಅತಿ ವೇಗದ ಓಟದ ಪಾಲಿನಲ್ಲಿ; ಅದು ಪುರುಷರಲ್ಲಿ ಹೆಚ್ಚು. ಹೃದಯದ ಮೇಲೆ ಬೀಳುವ ಹೊರೆಯನ್ನು ಅವರವರ ಗರಿಷ್ಠ ಸಾಮರ್ಥ್ಯಕ್ಕೆ ಹೋಲಿಸಿ ಅಳೆದರೆ ಇಬ್ಬರ ಶ್ರಮವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ‘ಹೆಣ್ಣುಮಕ್ಕಳಿಗೆ ಅಷ್ಟು ಓಟ ಬೇಡ’ ಎಂಬ ಅನುಕಂಪಕ್ಕೆ ಆಧಾರವಿಲ್ಲ. ಪಂದ್ಯ ಬೇಡುವಷ್ಟು ಶ್ರಮವನ್ನು ಅಭ್ಯಾಸದಲ್ಲಿ ಬೇಡದಿದ್ದರೆ ಪಂದ್ಯದ ದಿನ ಗಾಯವಾಗುವ ಸಂಭವವೇ ಹೆಚ್ಚು.

ಚೆಂಡನ್ನು ನಿಯಂತ್ರಿಸುವುದು, ಪಾಸ್ ಮಾಡುವುದು, ತೆರವಾದ ಜಾಗವನ್ನು ಗುರುತಿಸಿ ಓಡುವುದು, ಎದುರಾಳಿಯ ಮೇಲೆ ಒತ್ತಡ ಹೇರುವುದು ಇವೆಲ್ಲ ಇಬ್ಬರೂ ಒಂದೇ ಬಗೆಯಲ್ಲಿ ಕಲಿಯಬೇಕಾದ ವಿದ್ಯೆಗಳು. ಇವುಗಳನ್ನು ಕಲಿಸುವ ಕ್ರಮದಲ್ಲಿ ಭೇದ ಮಾಡಬೇಕಾದ ಅಗತ್ಯವಿಲ್ಲ.

ನಿಷೇಧಗಳು ಬಿಟ್ಟುಹೋದ ಅಂತರ

ಪುರುಷರ ಆಟಕ್ಕೆ ದೊರೆತಷ್ಟು ಕಾಲಾವಕಾಶ ಮಹಿಳೆಯರ ಆಟಕ್ಕೆ ದೊರೆಯಲಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ‘ಡಿಕ್ ಕೆರ್ ಲೇಡೀಸ್’ ತಂಡದ ಪಂದ್ಯ ನೋಡಲು ಸುಮಾರು 53,000 ಪ್ರೇಕ್ಷಕರು ನೆರೆದಿದ್ದರು. ಮರುವರ್ಷವೇ, ಅಂದರೆ 1921ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರು ಆಡದಂತೆ ನಿರ್ಬಂಧಿಸಿತು. ಆ ನಿರ್ಬಂಧ ಸುಮಾರು ಅರ್ಧ ಶತಮಾನ ಮುಂದುವರಿಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ, ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಇಂತಹುದೇ ತಡೆಗಳಿದ್ದವು. ಪುರುಷರ ವಿಶ್ವಕಪ್ 1930ರಲ್ಲಿ ಆರಂಭವಾದರೆ ಮಹಿಳೆಯರದು ಆರಂಭವಾದದ್ದು 61 ವರ್ಷಗಳ ನಂತರ.

ಭಾರತದಲ್ಲಿಯೂ ಕಥೆ ಬಹಳ ಭಿನ್ನವಲ್ಲ. ಪುರುಷರ ಸಂತೋಷ್ ಟ್ರೋಫಿ 1941ರಲ್ಲೇ ಆರಂಭವಾಯಿತು. ಮಹಿಳೆಯರ ಆಟವನ್ನು ನೋಡಿಕೊಳ್ಳಲು ಪ್ರತ್ಯೇಕ ಫೆಡರೇಷನ್ ರೂಪುಗೊಂಡದ್ದು 1975ರಲ್ಲಿ. ಆ ಸೀಮಿತ ಸೌಕರ್ಯಗಳ ನಡುವೆಯೂ ಭಾರತದ ವನಿತೆಯರು ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಎರಡು ಬಾರಿ ರನ್ನರ್‌ಅಪ್ ಆದರು: ಒಮ್ಮೆ 1979-80ರಲ್ಲಿ ಕೋಯಿಕ್ಕೋಡಿನಲ್ಲಿ, ಮತ್ತೊಮ್ಮೆ 1983ರಲ್ಲಿ ಬ್ಯಾಂಕಾಕಿನಲ್ಲಿ. ಶಾಂತಿ ಮಲ್ಲಿಕ್ ಅವರಿಗೆ 1983ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು. ಆದರೆ ಆ ಸಾಧನೆಯ ಬೆನ್ನಿಗೆ ನಿಲ್ಲಬಲ್ಲ ಲೀಗ್ ಇರಲಿಲ್ಲ. ಪುರುಷರಿಗೆ ರಾಷ್ಟ್ರೀಯ ಲೀಗ್ 1996ರಲ್ಲಿ ಬಂದಿತು. ಮಹಿಳೆಯರ ಇಂಡಿಯನ್ ವಿಮೆನ್ಸ್ ಲೀಗ್ ಆರಂಭವಾದದ್ದು 2016-17ರಲ್ಲಿ.

ಕರ್ನಾಟಕದ ಪುರುಷರ ತಂಡ ಮೈಸೂರು ಹೆಸರಿನಲ್ಲಿ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. 1968-69ರ ನಂತರ ದೀರ್ಘ ಕಾಲ ಕಾದು, 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಪ್ರಶಸ್ತಿ ಪಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಮಹಿಳಾ ತಂಡ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ತಲುಪಿತು. ಅಹಮದಾಬಾದಿನಲ್ಲಿ ನಡೆದ ಆ ಪಂದ್ಯದಲ್ಲಿ ಗೋಕುಲಂ ಕೇರಳ ತಂಡದ ಎದುರು 0-5ರಿಂದ ಸೋತರೂ, ರಾಜ್ಯದ ಮಹಿಳಾ ಫುಟ್‌ಬಾಲ್ ತಲುಪಿದ ಎತ್ತರವನ್ನು ಅದು ಸೂಚಿಸಿತು. ಬೆಂಗಳೂರಿನಿಂದ ಸುಮಾರು 600 ಕಿಲೋಮೀಟರ್ ದೂರದ ಕಲಬುರಗಿ ಜಿಲ್ಲೆಗೆ ಆ ಎತ್ತರದ ಪ್ರಯೋಜನ ಎಷ್ಟು ತಲುಪೀತು ಎಂಬುದು ಇಲ್ಲಿನ ಶಾಲಾ ಮೈದಾನಗಳಲ್ಲಿ ನಿರ್ಧಾರವಾಗಬೇಕಾದ ಸಂಗತಿ.

ತಡವಾಗಿ ಆರಂಭವಾಗುವ ಕಲಿಕೆ

ಇತಿಹಾಸದ ಈ ಅಂತರ ಪ್ರತಿಯೊಬ್ಬ ಬಾಲಕಿಯ ಬದುಕಿನಲ್ಲೂ ಸಣ್ಣ ಪ್ರಮಾಣದಲ್ಲಿ ಮರುಕಳಿಸುತ್ತದೆ. ಬಾಲಕನೊಬ್ಬ ಐದಾರು ವರ್ಷದವನಿದ್ದಾಗಲೇ ಓಣಿಯಲ್ಲಿ ಚೆಂಡು ಒದೆಯತೊಡಗುತ್ತಾನೆ. ಅನೇಕ ಬಾಲಕಿಯರ ಕಾಲಿಗೆ ಚೆಂಡು ಸಿಗುವುದು ಪ್ರೌಢಶಾಲೆಗೆ ಬಂದ ಮೇಲೆ. ಇಬ್ಬರೂ 13 ವರ್ಷದವರಾದರೂ ಅವರ ‘ತರಬೇತಿಯ ವಯಸ್ಸು’ ಒಂದೇ ಅಲ್ಲ. ಬಾಲಕಿಯ ಮೊದಲ ಸ್ಪರ್ಶದಲ್ಲಿ ಚೆಂಡು ದೂರ ಸಿಡಿದರೆ ಅದಕ್ಕೆ ಕಾರಣ ಹೆಣ್ಣಾಗಿರುವುದಲ್ಲ, ಏಳೆಂಟು ವರ್ಷಗಳ ಓಣಿಯಾಟ ಕೈತಪ್ಪಿರುವುದು.

ತರಬೇತುದಾರರು ಈ ಕೊರತೆಯನ್ನು ಶಕ್ತಿಯ ಕೊರತೆಯೆಂದು ತಪ್ಪಾಗಿ ಗ್ರಹಿಸಬಾರದು. ಸಾಲಿನಲ್ಲಿ ನಿಂತು ಸರದಿಗಾಗಿ ಕಾಯುವ ಅಭ್ಯಾಸಗಳಲ್ಲಿ ಒಬ್ಬ ಬಾಲಕಿಗೆ ಚೆಂಡು ಸಿಗುವುದು ಕೆಲವೇ ಬಾರಿ. ಅದರ ಬದಲು ನಾಲ್ವರ ಎದುರು ನಾಲ್ವರು ಆಡುವ ಸಣ್ಣ ಅಂಕಣದ ಆಟದಲ್ಲಿ ಅದೇ ಸಮಯದಲ್ಲಿ ಹಲವು ಪಟ್ಟು ಹೆಚ್ಚು ಸ್ಪರ್ಶಗಳು ದೊರೆಯುತ್ತವೆ. ಕಿರಿಯ ವಯಸ್ಸಿನಲ್ಲಿ ಬಾಲಕ ಬಾಲಕಿಯರನ್ನು ಬೆರೆಸಿ ಆಡಿಸುವುದೂ ಉಪಯುಕ್ತ. ಇಂಗ್ಲೆಂಡಿನಲ್ಲಿ 18 ವರ್ಷದೊಳಗಿನವರ ಹಂತದವರೆಗೂ ಮಿಶ್ರ ತಂಡಗಳಿಗೆ ಅವಕಾಶವಿದೆ. ನಮ್ಮ ಪಟ್ಟಣಗಳಲ್ಲಿ ಪ್ರಾಥಮಿಕ ಶಾಲೆಯ ಮಟ್ಟಕ್ಕಾದರೂ ಇದನ್ನು ಅನುಸರಿಸಲು ತೊಂದರೆಯೇನಿಲ್ಲ.

ಬೆಳವಣಿಗೆಯ ವೇಗದಲ್ಲಿಯೂ ಅಂತರವಿದೆ. ಬಾಲಕಿಯರ ಎತ್ತರ ಅತಿ ಶೀಘ್ರವಾಗಿ ಹೆಚ್ಚುವುದು 12ನೇ ವಯಸ್ಸಿನ ಸುಮಾರಿಗೆ. ಬಾಲಕರಲ್ಲಿ ಅದು 14ರ ಸುಮಾರಿಗೆ. ಆ ತಿಂಗಳುಗಳಲ್ಲಿ ಕೈಕಾಲುಗಳ ಹೊಂದಾಣಿಕೆ ತಾತ್ಕಾಲಿಕವಾಗಿ ಕುಗ್ಗುತ್ತದೆ. ನಿನ್ನೆಯವರೆಗೆ ಚೆನ್ನಾಗಿ ಆಡುತ್ತಿದ್ದವಳು ಇದ್ದಕ್ಕಿದ್ದಂತೆ ಎಡವತೊಡಗಿದರೆ ಅದನ್ನು ನಿರಾಸಕ್ತಿಯೆಂದು ಭಾವಿಸಿ ತಂಡದಿಂದ ಕೈಬಿಡುವುದು ಅನ್ಯಾಯ. ಆರನೇ ಮತ್ತು ಏಳನೇ ತರಗತಿಯ ಬಾಲಕಿಯರಲ್ಲಿ ಹಾಗೂ ಎಂಟು, ಒಂಬತ್ತನೇ ತರಗತಿಯ ಬಾಲಕರಲ್ಲಿ ಇದನ್ನು ಶಿಕ್ಷಕರು ನಿರೀಕ್ಷಿಸಬೇಕು.

ಮಂಡಿಯ ಗಾಯ

ಎರಡೂ ತರಬೇತಿಗಳ ನಡುವೆ ವಿಜ್ಞಾನ ಸ್ಪಷ್ಟವಾಗಿ ಗುರುತಿಸಿರುವ ವ್ಯತ್ಯಾಸ ಮಂಡಿಗೆ ಸಂಬಂಧಿಸಿದ್ದು. ಮಂಡಿಯೊಳಗೆ ಮೂಳೆಗಳನ್ನು ಬಿಗಿಹಿಡಿದಿರುವ, ‘ಎಸಿಎಲ್’ ಎಂದು ಕರೆಯಲಾಗುವ ಅಸ್ಥಿರಜ್ಜು ಹರಿಯುವ ಅಪಾಯ ಆಟಗಾರರಿಗಿಂತ ಆಟಗಾರ್ತಿಯರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು. ಹೆಚ್ಚಿನ ಬಾರಿ ಇದು ಯಾರೂ ಡಿಕ್ಕಿ ಹೊಡೆಯದೆಯೇ, ಓಟದಲ್ಲಿ ಥಟ್ಟನೆ ತಿರುಗುವಾಗ ಅಥವಾ ಜಿಗಿದು ನೆಲಕ್ಕಿಳಿಯುವಾಗ ಸಂಭವಿಸುತ್ತದೆ. ಶಸ್ತ್ರಚಿಕಿತ್ಸೆಯಾದರೂ ಆಟಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಸಣ್ಣ ಪಟ್ಟಣದ ಕುಟುಂಬವೊಂದಕ್ಕೆ ಆ ವೆಚ್ಚ ಮತ್ತು ಆ ಆತಂಕವೇ ಮಗಳ ಆಟವನ್ನು ಶಾಶ್ವತವಾಗಿ ನಿಲ್ಲಿಸಲು ಸಾಕಾಗುತ್ತದೆ.

ಸೊಂಟದ ರಚನೆ, ನೆಲಕ್ಕಿಳಿಯುವಾಗ ಮಂಡಿ ಒಳಮುಖವಾಗಿ ಬಾಗುವುದು, ತೊಡೆಯ ಮುಂಭಾಗದ ಸ್ನಾಯುಗಳಿಗೆ ಹೋಲಿಸಿದರೆ ಹಿಂಭಾಗದ ಸ್ನಾಯುಗಳು ದುರ್ಬಲವಾಗಿರುವುದು ಇದಕ್ಕೆ ಕಾರಣಗಳೆಂದು ಹೇಳಲಾಗುತ್ತದೆ. ಇವುಗಳ ಜೊತೆಗೆ ಚಿಕ್ಕಂದಿನಿಂದ ಜಿಗಿತ, ಓಟ ಹಾಗೂ ಶಕ್ತಿ ವ್ಯಾಯಾಮಗಳ ಅಭ್ಯಾಸವಿಲ್ಲದಿರುವುದು, ಕಳಪೆ ಮೈದಾನ ಮತ್ತು ಹೊಂದದ ಬೂಟುಗಳನ್ನೂ ಸಂಶೋಧಕರು ಈಗ ಪರಿಗಣಿಸುತ್ತಿದ್ದಾರೆ. ಮೊದಲಿನವು ದೇಹಕ್ಕೆ ಸಂಬಂಧಿಸಿದವು. ನಂತರದವು ನಮ್ಮ ವ್ಯವಸ್ಥೆಗೆ ಸಂಬಂಧಿಸಿದವು.

ಸಮಾಧಾನದ ಸಂಗತಿಯೆಂದರೆ ಇದಕ್ಕೆ ದುಬಾರಿಯಲ್ಲದ ಪರಿಹಾರವಿದೆ. ಫಿಫಾ ಸಂಸ್ಥೆಯ ವೈದ್ಯಕೀಯ ವಿಭಾಗ ರೂಪಿಸಿದ ‘ಫಿಫಾ 11 ಪ್ಲಸ್’ ಎಂಬ ಅಭ್ಯಾಸಪೂರ್ವ ವ್ಯಾಯಾಮ ಕ್ರಮದಲ್ಲಿ 15 ವ್ಯಾಯಾಮಗಳಿವೆ. ಸುಮಾರು 8 ನಿಮಿಷ ನಿಧಾನ ಓಟದ ವ್ಯಾಯಾಮ, 10 ನಿಮಿಷ ಶಕ್ತಿ, ಜಿಗಿತ ಮತ್ತು ಸಮತೋಲನದ ವ್ಯಾಯಾಮ, ಕೊನೆಯ 2 ನಿಮಿಷ ವೇಗದ ಓಟ ಹೀಗೆ ಒಟ್ಟು 20 ನಿಮಿಷ. ನಾರ್ವೆಯಲ್ಲಿ 125 ಕ್ಲಬ್‌ಗಳ 13ರಿಂದ 17 ವರ್ಷದ 1,892 ಬಾಲಕಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕ್ರಮ ಅನುಸರಿಸಿದವರಲ್ಲಿ ಗಂಭೀರ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾಗಿದ್ದವು. ವಾರಕ್ಕೆ ಕನಿಷ್ಠ ಎರಡು ಬಾರಿ ಇದನ್ನು ಮಾಡಿಸಬೇಕು. ಇದಕ್ಕೆ ಯಂತ್ರೋಪಕರಣ ಬೇಕಿಲ್ಲ. ಗುರುತಿಗೆ ಕೆಲವು ಕೋನ್‌ಗಳು, ಒಂದಿಷ್ಟು ಚೆಂಡುಗಳು ಸಾಕು. ಬಾಲಕರಿಗೂ ಇದು ಒಳ್ಳೆಯದು, ಬಾಲಕಿಯರಿಗೆ ಅನಿವಾರ್ಯ.

ನೆಲದ ಸ್ವರೂಪವೂ ಇಲ್ಲಿ ಮುಖ್ಯ. ಶಹಾಬಾದ್ ಮತ್ತು ವಾಡಿಯ ಸುತ್ತ ಸುಣ್ಣಕಲ್ಲಿನ ಪದರ ನೆಲಕ್ಕೆ ಹತ್ತಿರವಿದೆ. ಶಹಾಬಾದ್ ಕಲ್ಲು, ಸಿಮೆಂಟ್ ಕಾರ್ಖಾನೆಗಳು ಈ ಭಾಗದ ಹೆಸರಿಗೆ ಕಾರಣವಾದದ್ದು ಅದರಿಂದಲೇ. ಉಳಿದೆಡೆ ಕಪ್ಪು ಮಣ್ಣು ಬೇಸಿಗೆಯಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಅಂಟುತ್ತದೆ. ಬಿರುಕಿನಲ್ಲಿ ಸಿಲುಕಿದ ಪಾದ ಮಂಡಿಯನ್ನು ತಿರುಚುತ್ತದೆ. ಅಭ್ಯಾಸಕ್ಕೆ ಮೊದಲು ನೆಲವನ್ನು ನಡೆದು ನೋಡುವುದು, ಬಿರುಕುಗಳನ್ನು ಮುಚ್ಚುವುದು, ಕಲ್ಲುಗಳನ್ನು ಆಯ್ದು ತೆಗೆಯುವುದು ಇಲ್ಲಿ ತರಬೇತಿಯ ಭಾಗವೇ ಆಗಿರುತ್ತದೆ.

ರಕ್ತಹೀನತೆ, ಆಹಾರ ಮತ್ತು ಋತುಚಕ್ರ

ಯುರೋಪಿನ ತರಬೇತಿ ಕೈಪಿಡಿಗಳಲ್ಲಿ ಅಷ್ಟಾಗಿ ಒತ್ತು ಪಡೆಯದ, ಆದರೆ ಕರ್ನಾಟಕದಲ್ಲಿ ಎಲ್ಲಕ್ಕಿಂತ ಮೊದಲು ಗಮನಿಸಬೇಕಾದ ಅಂಶ ರಕ್ತಹೀನತೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ; ಅದೇ ವಯೋಮಾನದ ಪುರುಷರಲ್ಲಿ ಇದು ಶೇ. 25. ಕರ್ನಾಟಕದ ಮಹಿಳೆಯರಲ್ಲಿ ಶೇ. 47.8. ಅಂದರೆ ಮೈದಾನದಲ್ಲಿ ನಿಂತ 20 ಬಾಲಕಿಯರಲ್ಲಿ ಎಂಟು ಹತ್ತು ಮಂದಿಯ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಶಕ್ತಿ ಕಡಿಮೆ ಇರುವ ಸಾಧ್ಯತೆಯಿದೆ. ಬೇಗ ದಣಿಯುವ ಬಾಲಕಿಯನ್ನು ಸೋಮಾರಿ ಎಂದು ಗದರಿಸಿ ಹೆಚ್ಚುವರಿ ಸುತ್ತು ಓಡಿಸಿದರೆ ಆಕೆ ಗಟ್ಟಿಯಾಗುವುದಿಲ್ಲ, ಮರುದಿನ ಬರುವುದನ್ನೇ ಬಿಡುತ್ತಾಳೆ.

ಹಿಮೋಗ್ಲೋಬಿನ್ ಪ್ರಮಾಣ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ಹಂಗಾಮಿನ ಆರಂಭದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಪರೀಕ್ಷೆ ಮಾಡಿಸುವುದು ಕಷ್ಟದ ಕೆಲಸವಲ್ಲ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಆಟಗಾರ್ತಿಯರು ತಪ್ಪದೆ ನುಂಗುವಂತೆ ನೋಡಿಕೊಳ್ಳುವುದು ಶಿಕ್ಷಕರ ಕೈಯಲ್ಲೇ ಇದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರ್‌ನಿಂದ ಮೊಟ್ಟೆ ವಿತರಣೆ ಆರಂಭವಾಗಿ, ನಂತರ ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರಲ್ಲಿ ಅದನ್ನು ವಾರದ ಆರು ದಿನಕ್ಕೆ ಹೆಚ್ಚಿಸಲಾಯಿತು. ಮನೆಯೂಟದಲ್ಲಿ ಜೋಳದ ಅಥವಾ ಸಜ್ಜೆಯ ರೊಟ್ಟಿ, ಈ ನೆಲದ ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಇದ್ದರೆ ಆಟಗಾರ್ತಿಗೆ ಬೇಕಾದುದರಲ್ಲಿ ಬಹುಪಾಲು ದೊರೆತಂತೆಯೇ. ಊಟದ ಜೊತೆ ನಿಂಬೆರಸ ಕಬ್ಬಿಣಾಂಶ ಹೀರಿಕೆಗೆ ಸಹಕಾರಿ. ಊಟದ ಜೊತೆಗೇ ಚಹಾ ಕುಡಿದರೆ ಅದು ಕುಗ್ಗುತ್ತದೆ.

ದಿನವಿಡೀ ದುಡಿದು ಅಥವಾ ಮನೆಗೆಲಸ ಮುಗಿಸಿ, ಸಾಲದಷ್ಟು ಉಂಡು ಆಡುವುದರಿಂದ ಮೂಳೆ ದುರ್ಬಲವಾಗುವ ಹಾಗೂ ಮುಟ್ಟು ನಿಲ್ಲುವ ಅಪಾಯವೂ ಇದೆ. ಆಟಗಾರ್ತಿಯ ಮುಟ್ಟು ಮೂರು ತಿಂಗಳು ನಿಂತರೆ ಅದನ್ನು ಆಟಕ್ಕೆ ಅನುಕೂಲವೆಂದು ಭಾವಿಸದೆ ವೈದ್ಯರ ಬಳಿ ಕಳುಹಿಸಬೇಕು.

ಋತುಚಕ್ರಕ್ಕೆ ಅನುಗುಣವಾಗಿ ಅಭ್ಯಾಸ ಹೊಂದಿಸುವ ವಿಚಾರ ಇತ್ತೀಚೆಗೆ ಪ್ರಚಾರ ಪಡೆದಿದೆ. 2019ರ ವಿಶ್ವಕಪ್ ಗೆದ್ದ ಅಮೆರಿಕ ತಂಡ ಆಟಗಾರ್ತಿಯರ ಋತುಚಕ್ರವನ್ನು ದಾಖಲಿಸುತ್ತಿತ್ತು. ಎಮ್ಮಾ ಹೇಯ್ಸ್ ತರಬೇತುದಾರರಾಗಿದ್ದ ಲಂಡನ್ನಿನ ಚೆಲ್ಸಿ ಮಹಿಳಾ ತಂಡವು 2020ರಲ್ಲಿ ಇದೇ ಹಾದಿ ಹಿಡಿಯಿತು. ಆದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಅದೇ ವರ್ಷ ಪ್ರಕಟವಾದ ವಿಶ್ಲೇಷಣೆಯಲ್ಲಿ, ಋತುಚಕ್ರದ ಹಂತಗಳಿಂದ ಸಾಮರ್ಥ್ಯದಲ್ಲಾಗುವ ಸರಾಸರಿ ವ್ಯತ್ಯಾಸ ಅತ್ಯಲ್ಪ ಎಂದು ಕಂಡುಬಂದಿತು. ವ್ಯಕ್ತಿಯಿಂದ ವ್ಯಕ್ತಿಗೆ ಅನುಭವ ಬೇರೆಯಾಗಿರುತ್ತದೆ. ಆದ್ದರಿಂದ ಇಡೀ ತಂಡಕ್ಕೆ ಒಂದೇ ವೇಳಾಪಟ್ಟಿ ಹೇರುವುದಕ್ಕಿಂತ, ‘ಇಂದು ಆಗುವುದಿಲ್ಲ’ ಎಂದು ಮುಜುಗರವಿಲ್ಲದೆ ಹೇಳಬಲ್ಲ ವಾತಾವರಣ ನಿರ್ಮಿಸುವುದು ಹೆಚ್ಚು ಉಪಯುಕ್ತ.

ಗ್ರಾಮೀಣ ಶಾಲೆಯಲ್ಲಿ ಈ ವಾತಾವರಣಕ್ಕೆ ಸ್ಪಷ್ಟ ರೂಪಗಳಿವೆ: ಬಾಗಿಲು ಭದ್ರವಾಗಿರುವ ಶೌಚಾಲಯ, ನೀರು, ಸ್ಯಾನಿಟರಿ ಪ್ಯಾಡ್ ಮತ್ತು ಗಾಢ ಬಣ್ಣದ ಚಡ್ಡಿ. ಇಂಗ್ಲೆಂಡ್ ಮಹಿಳಾ ತಂಡವೇ ಆಟಗಾರ್ತಿಯರ ಮನವಿಯ ಮೇರೆಗೆ 2023ರಲ್ಲಿ ಬಿಳಿ ಚಡ್ಡಿಯನ್ನು ಬಿಟ್ಟು ನೀಲಿ ಚಡ್ಡಿಗೆ ಬದಲಾಯಿಸಿಕೊಂಡಿತು. ತಲೆವಸ್ತ್ರ ಧರಿಸಿ ಆಡಲು ಫುಟ್‌ಬಾಲ್ ನಿಯಮ ಮಂಡಳಿ 2014ರಲ್ಲೇ ಅನುಮತಿಸಿದೆ. ಉಡುಪಿನ ಕಾರಣಕ್ಕೆ ಯಾವ ಬಾಲಕಿಯನ್ನೂ ಆಟದಿಂದ ದೂರವಿಡಲು ಆಟದ ನಿಯಮಗಳಲ್ಲಿ ಆಸ್ಪದವಿಲ್ಲ.

ತಂತ್ರದಲ್ಲಿನ ಹೊಂದಾಣಿಕೆ

ಗೋಲಿನ ಅಳತೆ ಬದಲಾಗದೆ ಕೀಪರ್‌ನ ಎತ್ತರ ಮಾತ್ರ ಕಡಿಮೆಯಾದಾಗ ತರಬೇತಿಯೂ ಬದಲಾಗಬೇಕಾಗುತ್ತದೆ. ಎತ್ತರದ ಪುರುಷ ಕೀಪರ್ ಕೈಚಾಚಿ ತಡೆಯಬಲ್ಲ ಚೆಂಡನ್ನು ಆಟಗಾರ್ತಿಯು ಪಾದಚಲನೆಯಿಂದ, ಸರಿಯಾದ ಸ್ಥಾನ ಗ್ರಹಣದಿಂದ ತಡೆಯಬೇಕಾಗುತ್ತದೆ. ಆದ್ದರಿಂದ ಮಹಿಳಾ ಕೀಪರ್‌ಗಳ ಅಭ್ಯಾಸದಲ್ಲಿ ಡೈವಿಂಗ್‌ಗಿಂತ ಮೊದಲು ಪಾದಗಳ ಚುರುಕು, ಗೋಲುಗೆರೆಯಿಂದ ಎಷ್ಟು ಮುಂದೆ ನಿಲ್ಲಬೇಕೆಂಬ ಲೆಕ್ಕಾಚಾರ ಬರಬೇಕು. ಪುರುಷರಲ್ಲಿ ಒಂದೇ ಒದೆತದಲ್ಲಿ ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುವ ಚೆಂಡನ್ನು ಶಾಲಾ ಬಾಲಕಿಯರು ಎರಡು ಪಾಸ್‌ಗಳಲ್ಲಿ ಸಾಗಿಸುವುದನ್ನು ಕಲಿಯಬಹುದು. ಇದರಿಂದ ಮಧ್ಯಭಾಗದ ಆಟಗಾರ್ತಿಯರ ಪಾತ್ರ ಹಿರಿದಾಗುತ್ತದೆ, ಆಟದ ಯೋಚನೆಯೂ ಬೆಳೆಯುತ್ತದೆ.

ತಲೆಯಿಂದ ಚೆಂಡು ಹೊಡೆಯುವ ಹೆಡ್ಡಿಂಗ್ ಅಭ್ಯಾಸದಲ್ಲಿ ಎಚ್ಚರ ಅಗತ್ಯ. ತಲೆಗೆ ಪೆಟ್ಟಾಗಿ ಮಂಕಾಗುವ ಪ್ರಸಂಗಗಳು ಬಾಲಕರಿಗಿಂತ ಬಾಲಕಿಯರಲ್ಲಿ ಹೆಚ್ಚು ದಾಖಲಾಗಿವೆ. ಕುತ್ತಿಗೆಯ ಸ್ನಾಯುಗಳನ್ನು ಬಲಪಡಿಸಿ, ಮೊದಲು ಹಗುರ ಚೆಂಡಿನಿಂದ ಆರಂಭಿಸುವುದು ಉಚಿತ.

ಮಾತು ಮತ್ತು ಮನಸ್ಸು

ಪುರುಷರನ್ನು ಗದರಿಸಿ, ಮಹಿಳೆಯರನ್ನು ಒಲಿಸಿ ಆಡಿಸಬೇಕೆಂಬ ಮಾತು ತರಬೇತಿ ವಲಯದಲ್ಲಿ ಬಹಳ ಹಳೆಯದು. ಇದನ್ನು ಸ್ವಾನುಭವದಿಂದ ಪರೀಕ್ಷಿಸಿದವರಲ್ಲಿ ಪ್ರಮುಖರು ಅಮೆರಿಕದ ಆನ್ಸನ್ ಡೊರಾನ್ಸ್. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಅವರು 1977ರಿಂದ 1988ರವರೆಗೆ ಪುರುಷರ ತಂಡಕ್ಕೂ, 1979ರಿಂದ 2024ರವರೆಗೆ ಮಹಿಳೆಯರ ತಂಡಕ್ಕೂ ತರಬೇತಿ ನೀಡಿದರು. ಅಂದರೆ ಸುಮಾರು ಹತ್ತು ವರ್ಷ ಎರಡೂ ತಂಡಗಳು ಅವರ ಕೈಯಲ್ಲಿದ್ದವು. 1991ರಲ್ಲಿ ಅಮೆರಿಕಕ್ಕೆ ಮೊದಲ ಮಹಿಳಾ ವಿಶ್ವಕಪ್ ಗೆದ್ದುಕೊಟ್ಟವರೂ ಅವರೇ. ಇಬ್ಬರನ್ನೂ ಮುನ್ನಡೆಸುವ ರೀತಿ ಬೇರೆಯೆಂದು ಪ್ರತಿಪಾದಿಸಿದ ಅವರು, ಅಭ್ಯಾಸದ ಸ್ಪರ್ಧಾತ್ಮಕತೆಯನ್ನು ಮಾತ್ರ ಮಹಿಳೆಯರಿಗಾಗಿ ತಗ್ಗಿಸಲಿಲ್ಲ. ಪ್ರತಿಯೊಂದು ಅಭ್ಯಾಸದ ಫಲಿತಾಂಶವನ್ನೂ ದಾಖಲಿಸಿ ಆಟಗಾರ್ತಿಯರಿಗೆ ತೋರಿಸುವುದು ಅವರ ಪದ್ಧತಿಯಾಗಿತ್ತು.

ಬೈದರೆ ಚುರುಕಾಗುವ ಬಾಲಕಿಯರೂ ಇದ್ದಾರೆ, ಬೈದರೆ ಮುದುಡುವ ಬಾಲಕರೂ ಇದ್ದಾರೆ. ಆದರೆ ಒಂದು ಸಾಮಾಜಿಕ ವಾಸ್ತವವನ್ನು ಒಪ್ಪಿಕೊಳ್ಳಬೇಕು. ಬಾಲಕ ತಪ್ಪು ಮಾಡಿದರೆ ‘ಇನ್ನೊಮ್ಮೆ ಪ್ರಯತ್ನಿಸು’ ಎನ್ನುವ ಊರು, ಬಾಲಕಿ ತಪ್ಪು ಮಾಡಿದರೆ ‘ಇದು ನಿನಗಲ್ಲ’ ಎನ್ನುತ್ತದೆ. ಈ ಮಾತನ್ನು ಹೊರಗೆ ಕೇಳಿ ಬಂದವಳಿಗೆ ತರಬೇತುದಾರನ ಬಾಯಿಂದ ಅದೇ ಧ್ವನಿ ಮತ್ತೆ ಕೇಳಬಾರದು. ತಪ್ಪನ್ನು ಖಂಡಿತ ತಿದ್ದಬೇಕು. ಯಾವ ತಪ್ಪು, ಏಕಾಯಿತು ಎಂದು ವಿವರಿಸಿ ತಿದ್ದಬೇಕು.

ತರಬೇತುದಾರರು ಯಾರು?

ಮಹಿಳಾ ತಂಡಕ್ಕೆ ಮಹಿಳೆಯೇ ತರಬೇತುದಾರರಾಗಿರಬೇಕೆ? 1991ರಿಂದ 2023ರವರೆಗಿನ ಒಂಬತ್ತು ಮಹಿಳಾ ವಿಶ್ವಕಪ್‌ಗಳಲ್ಲಿ ನಾಲ್ಕನ್ನು ಮಹಿಳಾ ತರಬೇತುದಾರರ ತಂಡಗಳು ಗೆದ್ದಿವೆ: 2003ರಲ್ಲಿ ಜರ್ಮನಿಯ ಟೀನಾ ಟೊಯ್ನೆ, 2007ರಲ್ಲಿ ಅದೇ ದೇಶದ ಸಿಲ್ವಿಯಾ ನೈಡ್, 2015 ಮತ್ತು 2019ರಲ್ಲಿ ಅಮೆರಿಕದ ಜಿಲ್ ಎಲ್ಲಿಸ್. 2023ರ ವಿಶ್ವಕಪ್‌ನ 32 ತಂಡಗಳಲ್ಲಿ 12ಕ್ಕೆ ಮಾತ್ರ ಮಹಿಳಾ ಮುಖ್ಯ ತರಬೇತುದಾರರಿದ್ದರು ಎಂಬುದನ್ನು ಗಮನಿಸಿದರೆ ಈ ಸಾಧನೆಯ ತೂಕ ತಿಳಿಯುತ್ತದೆ. 2016ರಲ್ಲಿ ಹಾಂಗ್‌ಕಾಂಗ್‌ನ ಚಾನ್ ಯುಯೆನ್ ಟಿಂಗ್ ಅವರು ಪುರುಷರ ಈಸ್ಟರ್ನ್ ತಂಡಕ್ಕೆ ಅಲ್ಲಿನ ಅಗ್ರ ಲೀಗ್ ಗೆದ್ದುಕೊಟ್ಟು, ಈ ವಿದ್ಯೆಗೆ ಲಿಂಗಭೇದವಿಲ್ಲವೆಂದು ಸಾಬೀತುಪಡಿಸಿದರು.

ಭಾರತದಲ್ಲಿ ಗೋವಾದ ಮೇಮೋಲ್ ರಾಕಿ ಅವರು 2017ರಲ್ಲಿ ರಾಷ್ಟ್ರೀಯ ಮಹಿಳಾ ತಂಡದ ಮೊದಲ ಮಹಿಳಾ ಮುಖ್ಯ ತರಬೇತುದಾರರಾದರು. 2021ರವರೆಗೆ ಆ ಹೊಣೆ ಹೊತ್ತರು. 2025ರ ಜುಲೈನಲ್ಲಿ ಕ್ರಿಸ್ಪಿನ್ ಛೆಟ್ರಿ ಅವರ ತರಬೇತಿಯಲ್ಲಿ ತಂಡವು ಥಾಯ್ಲೆಂಡನ್ನು ಅದರದೇ ನೆಲದಲ್ಲಿ 2-1ರಿಂದ ಮಣಿಸಿ, ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿಗೆ ಏಷ್ಯನ್ ಕಪ್ ಪ್ರವೇಶಿಸಿತು. ಎರಡೂ ಗೋಲುಗಳನ್ನು ಗಳಿಸಿದವರು ಸಂಗೀತಾ ಬಾಸ್ಫೋರ್.

ಹೀಗೆ ಯೋಗ್ಯತೆಯೇ ಮುಖ್ಯವಾದರೂ ಭದ್ರತೆಯ ಪ್ರಶ್ನೆ ಪ್ರತ್ಯೇಕವಾಗಿದೆ. 2022ರಲ್ಲಿ ಯುರೋಪ್ ಪ್ರವಾಸದಲ್ಲಿದ್ದ ಭಾರತದ 17 ವರ್ಷದೊಳಗಿನ ಬಾಲಕಿಯರ ತಂಡದ ಸಹಾಯಕ ತರಬೇತುದಾರನೊಬ್ಬನನ್ನು ಲೈಂಗಿಕ ದುರ್ವರ್ತನೆಯ ಆರೋಪದ ಮೇಲೆ ವಜಾಗೊಳಿಸಲಾಯಿತು. ಅಪ್ರಾಪ್ತ ವಯಸ್ಸಿನ ಆಟಗಾರ್ತಿಯರಿಗೆ 2012ರ ಪೋಕ್ಸೋ ಕಾಯ್ದೆಯ ರಕ್ಷಣೆಯಿದೆ. ಬಾಲಕಿಯರ ತಂಡ ಊರು ಬಿಟ್ಟು ಹೋಗುವಾಗ ಜೊತೆಗೊಬ್ಬ ಶಿಕ್ಷಕಿ ಅಥವಾ ತಾಯಿ ಇರಲೇಬೇಕು. ತರಬೇತುದಾರರು ಒಬ್ಬಳೇ ಆಟಗಾರ್ತಿಯನ್ನು ಮುಚ್ಚಿದ ಕೋಣೆಯಲ್ಲಿ ಭೇಟಿಯಾಗಬಾರದು. ದೂರು ನೀಡಲು ತಂಡದ ಹೊರಗಿನ ಒಬ್ಬರ ಹೆಸರು ಎಲ್ಲರಿಗೂ ತಿಳಿದಿರಬೇಕು. ಇವು ತರಬೇತುದಾರರ ಮೇಲಿನ ಅಪನಂಬಿಕೆಯ ಕ್ರಮಗಳಲ್ಲ. ಪೋಷಕರು ಮಗಳನ್ನು ನಿಶ್ಚಿಂತೆಯಿಂದ ಕಳುಹಿಸಲು ಬೇಕಾದ ಆಧಾರಗಳು.

ಐದು ಪಟ್ಟಣಗಳ ನೆಲೆಯಲ್ಲಿ

ಈ ಪ್ರದೇಶಕ್ಕೆ ಫುಟ್‌ಬಾಲ್ ಪರಂಪರೆಯೊಂದರ ನಂಟಿದೆ. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ, 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೇರಿಸಿದ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಆ ಹೈದರಾಬಾದಿನವರೇ. ವೃತ್ತಿಯಿಂದ ಅವರು ಶಾಲಾ ಶಿಕ್ಷಕರು. ಶಿಕ್ಷಕರೇ ದೊಡ್ಡ ತರಬೇತುದಾರರಾಗಬಲ್ಲರು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಅಂತರವನ್ನು ತುಂಬಲು ಈ ಪಟ್ಟಣಗಳಿಗೆ ಕೆಲವು ಅನುಕೂಲಗಳೂ ಇವೆ. ವಾಡಿ ಜಂಕ್ಷನ್‌ನಿಂದ ಸಿಕಂದರಾಬಾದ್ ಕಡೆಗೆ ಸಾಗುವ ರೈಲು ಮಾರ್ಗ ಚಿತ್ತಾಪುರ ಮತ್ತು ಸೇಡಂ ಮೂಲಕ ಹಾದುಹೋಗುತ್ತದೆ. ಶಹಾಬಾದ್ ಇರುವುದು ವಾಡಿ ಮತ್ತು ಕಲಬುರಗಿಯ ನಡುವೆ. ರೈಲಿಲ್ಲದ ಚಿಂಚೋಳಿಗೆ ಬಸ್ಸೇ ಆಧಾರ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ್ದರಿಂದ, ಬಾಲಕಿಯರ ತಂಡವೊಂದು ನೆರೆಯ ಪಟ್ಟಣಕ್ಕೆ ಸ್ನೇಹಪರ ಪಂದ್ಯಕ್ಕೆ ಹೋಗಿಬರುವುದು ಬಾಲಕರ ತಂಡಕ್ಕಿಂತ ಅಗ್ಗವಾಗಿದೆ. ಪಂದ್ಯಗಳ ಕೊರತೆಯೇ ಬಾಲಕಿಯರ ಬೆಳವಣಿಗೆಗೆ ದೊಡ್ಡ ತಡೆಯಾಗಿರುವಾಗ ಇದು ಸಣ್ಣ ಅನುಕೂಲವಲ್ಲ.

ಹವಾಮಾನ ಮಾತ್ರ ಕಠಿಣ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಮೀರುವುದು ಇಲ್ಲಿ ಸಾಮಾನ್ಯ. ಬಾಲಕರಾದರೆ ಮುಂಜಾನೆ ಐದಕ್ಕೆ ಅಥವಾ ಸಂಜೆ ಕತ್ತಲಾದ ಮೇಲೂ ಅಭ್ಯಾಸ ಮಾಡಬಹುದು. ಬಾಲಕಿಯರಿಗೆ ಮನೆಯವರು ಆ ಹೊತ್ತಿನಲ್ಲಿ ಹೊರಗೆ ಹೋಗಲು ಬಿಡುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಅವರಿಗೆ ಉಳಿಯುವುದು ಬೆಳಿಗ್ಗೆ ಆರರಿಂದ ಎಂಟರ ನಡುವಿನ ಅವಧಿ. ಆ ಹೊತ್ತಿಗೆ ಮೈದಾನವನ್ನು ಬಾಲಕಿಯರಿಗೆ ಬಿಟ್ಟುಕೊಟ್ಟು ಬಾಲಕರನ್ನು ಬೇರೆ ವೇಳೆಗೆ ಕಳುಹಿಸುವ ನಿರ್ಧಾರವೇ ತರಬೇತಿಯ ಮೊದಲ ಹೆಜ್ಜೆ. ಅಭ್ಯಾಸದ ನಡುವೆ 15 ನಿಮಿಷಕ್ಕೊಮ್ಮೆ ನೀರು ಕುಡಿಸುವುದು ಕಡ್ಡಾಯ.

ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಸಿಕ್ಕರೂ ಬಹಳಷ್ಟನ್ನು ಸಾಧಿಸಬಹುದು. ಮೊದಲ 20 ನಿಮಿಷ ಮಂಡಿ ರಕ್ಷಣೆಯ ವ್ಯಾಯಾಮ, ಮುಂದಿನ 15 ನಿಮಿಷ ಪ್ರತಿಯೊಬ್ಬರ ಕಾಲಿಗೂ ಚೆಂಡು, ನಂತರ 20 ನಿಮಿಷ ನಾಲ್ವರ ಸಣ್ಣ ಆಟ, ಕೊನೆಯ 5 ನಿಮಿಷ ವಿಶ್ರಾಂತಿ ಮತ್ತು ಮಾತುಕತೆ. ಶಿಕ್ಷಣ ಇಲಾಖೆಯ ತಾಲ್ಲೂಕು, ಜಿಲ್ಲೆ ಮತ್ತು ಕಲಬುರಗಿ ವಿಭಾಗ ಮಟ್ಟದ ಕ್ರೀಡಾಕೂಟಗಳಿಗೆ ಹದಿನೈದು ದಿನ ಮೊದಲು ತಂಡ ಕೂಡಿಸಿ ಓಡಿಸುವುದಕ್ಕಿಂತ ಈ ನಿಯಮಿತ ಅಭ್ಯಾಸವೇ ಫಲಕಾರಿ.

ಪುರುಷರ ತಂಡದ ತರಬೇತುದಾರರನ್ನು ಸಾಮಾನ್ಯವಾಗಿ ಗೆದ್ದ ಪಂದ್ಯಗಳ ಸಂಖ್ಯೆಯಿಂದ ಅಳೆಯಲಾಗುತ್ತದೆ. ಬಾಲಕಿಯರಿಗೆ ಕಲಿಸುವ ಶಿಕ್ಷಕರಿಗೆ ಅದಕ್ಕಿಂತ ನಿಖರವಾದ ಅಳತೆಯೊಂದಿದೆ: ಎಂಟನೇ ತರಗತಿಯಲ್ಲಿ ತಂಡ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೇ ತರಗತಿಯಲ್ಲೂ, ಗಾಯವಿಲ್ಲದೆ, ಮನೆಯವರ ಒಪ್ಪಿಗೆಯೊಂದಿಗೆ ಮೈದಾನದಲ್ಲಿದ್ದಾರೆ? ಸೇಡಂನಿಂದ ಚಿಂಚೋಳಿಯವರೆಗೆ ಪ್ರತಿ ಶಾಲೆಯೂ ಈ ಒಂದು ಅಂಕಿಯನ್ನು ವರ್ಷಕ್ಕೊಮ್ಮೆ ಬರೆದಿಟ್ಟರೆ, ತರಬೇತಿ ಸರಿದಾರಿಯಲ್ಲಿದೆಯೇ ಎಂಬುದು ತಾನಾಗಿಯೇ ತಿಳಿಯುತ್ತದೆ.